ವಸಡಿನ ಬಣ್ಣದ ಹಿಡಿ

ಜನವರಿ ೧೨, ಭಾನುವಾರ

ಅರವತ್ತೆರಡು ವರ್ಷದ ಗಂಡಸು ತನ್ನದೇ ಮನೆಯ ಹಾಲ್‌ನಲ್ಲಿ ಕಾಲೊರೆಸುವ ಮ್ಯಾಟಿಗೆ ಎಡವಿ ಬಲಗೈ ಮಣಿಕಟ್ಟು ಮುರಿದುಕೊಂಡರೆ ಯಾರಿಗೆ ಹೇಳುವುದು? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಬಿದ್ದಾಗ ನಮ್ಮ ಯಜಮಾನರ ಕೈಯಲ್ಲಿದ್ದದ್ದು ಬೆಳಕಿನ ಕತ್ತಿ. ಯಾವುದೋ ಕಾಲದ ಆಕಾಶಯುದ್ಧದ ಸಿನಿಮಾದಲ್ಲಿ ನಾಯಕ ಬೀಸಿದ ಕತ್ತಿಯ ತದ್ರೂಪವಂತೆ. ಒಂದು ಲೋಹದ ಹಿಡಿ, ಅದಕ್ಕೆ ಸಿಕ್ಕಿಸಿದ ಉದ್ದನೆಯ ಪ್ಲಾಸ್ಟಿಕ್ ಕೊಳವೆ, ಒಳಗೆ ದೀಪ. ಗುಂಡಿ ಒತ್ತಿದರೆ ಕೊಳವೆ ನೀಲಿಯಾಗಿ ಉರಿಯುತ್ತದೆ, ಬೀಸಿದರೆ ‘ವೂಂ’ ಎನ್ನುತ್ತದೆ, ತಗುಲಿದರೆ ‘ಚಟಾರ್’ ಎನ್ನುತ್ತದೆ. ನಾನು ಅದಕ್ಕೆ ಟ್ಯೂಬ್‌ಲೈಟ್ ಎನ್ನುತ್ತೇನೆ. ಹಾಗೆಂದಾಗಲೆಲ್ಲ ಇವರು ಮುಖ ಊದಿಸಿಕೊಳ್ಳುತ್ತಾರೆ.

ನಿನ್ನೆ ಸಂಜೆ ಎದುರಾಳಿಯಾಗಿದ್ದವರು ಔಷಧಿ ಅಂಗಡಿಯವರು. ಇವರ ಬಾಲ್ಯದ ಗೆಳೆಯ, ಅದೇ ಹುಚ್ಚು. ಮೇ ೧೮ಕ್ಕೆ ಇಂಥ ಕತ್ತಿ ಕೂಡಿಡುವವರ ಕೂಟವಿದೆಯಂತೆ, ಅಲ್ಲಿ ಇಬ್ಬರೂ ಮೂರು ನಿಮಿಷದ ಕಾಳಗ ಆಡಿ ತೋರಿಸಬೇಕಂತೆ, ಅದಕ್ಕೆ ತಾಲೀಮು. ಆಸ್ಪತ್ರೆಯಲ್ಲಿ ಡಾಕ್ಟರು ಹೇಗಾಯಿತು ಎಂದು ಕೇಳಿದರು. ಇವರು “ಕತ್ತಿವರಸೆ” ಎಂದರು. ನಾನು “ಮ್ಯಾಟು” ಎಂದೆ. ಡಾಕ್ಟರು ಮ್ಯಾಟು ಎಂದೇ ಬರೆದುಕೊಂಡರು. ಆರು ವಾರ ಪ್ಲಾಸ್ಟರು.

ಈ ಡೈರಿಯನ್ನು ಮನೆಯಲ್ಲಿ ಇಡುವ ಹಾಗಿಲ್ಲ. ಇವರು ಮೂವತ್ತಾರು ವರ್ಷ ಮುದ್ರಣಾಲಯದಲ್ಲಿ ಕರಡು ತಿದ್ದಿದವರು. ಕೈಗೆ ಸಿಕ್ಕರೆ ಓದುವುದಷ್ಟೇ ಅಲ್ಲ, ಕೆಂಪು ಪೆನ್ಸಿಲ್ ಹಿಡಿದು ತಿದ್ದಿಯೂ ಇಡುತ್ತಾರೆ. ನಾನು ಕೆಲಸ ಮಾಡುವ ಲ್ಯಾಬಿನಲ್ಲಿ ಮೇಲ್ದವಡೆಯ ಹಲ್ಲುಗಳ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಆ ಡ್ರಾಯರಿಗೆ ಯಾರೂ ಸುಮ್ಮನೆ ಕೈ ಹಾಕುವುದಿಲ್ಲ. ಲ್ಯಾಬು ಪಕ್ಕದ ಬೀದಿಯಲ್ಲೇ, ಬೀಗದ ಕೈಯೂ ನನ್ನ ಹತ್ತಿರವೇ, ರಾತ್ರಿಯಾಗಲಿ ಭಾನುವಾರವಾಗಲಿ ಹೋಗಿ ಬರೆದು ಬರಬಹುದು.

ಜನವರಿ ೧೫, ಬುಧವಾರ

ಬೆಳಗ್ಗೆ ಇವರಿಗೆ ಬ್ರಶ್ಶಿನ ಮೇಲೆ ಪೇಸ್ಟ್ ಹಾಕಿಕೊಟ್ಟೆ, ತಲೆ ಬಾಚಿದೆ, ಅನ್ನ ಕಲಸಿಕೊಟ್ಟೆ, ಕನ್ನಡಕ ಒರೆಸಿಕೊಟ್ಟೆ. ಆಮೇಲೆ ಲ್ಯಾಬಿಗೆ ಹೋಗಿ ಎರಡು ಪೂರ್ತಿ ಸೆಟ್ಟು, ಒಂದು ಅರ್ಧ ಸೆಟ್ಟು ಮುಗಿಸಿದೆ. ಮೂವತ್ತು ವರ್ಷದಿಂದ ಕಟ್ಟುಹಲ್ಲು ಮಾಡುತ್ತಿದ್ದೇನೆ. ಊರಿನಲ್ಲಿ ಮುದುಕರು ನಕ್ಕರೆ ಅರ್ಧಕ್ಕರ್ಧ ನನ್ನ ಕೈಕೆಲಸವೇ ಕಾಣುತ್ತದೆ.

ಸಂಜೆ ಆ ಟ್ಯೂಬ್‌ಲೈಟಿನ ಧೂಳನ್ನು ಅಡುಗೆಮನೆಯ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಅಷ್ಟು ಹೊತ್ತಿಗೆ ಬಂದ ಔಷಧಿ ಅಂಗಡಿಯವರು ಎದೆ ಹಿಡಿದುಕೊಂಡು ಕುರ್ಚಿಯಲ್ಲಿ ಕೂತರು. ಅದು ಕೆಲವೇ ಕೆಲವು ಮಾಡಿ ಸಂಖ್ಯೆ ಹಾಕಿದ ಪ್ರತಿಯಂತೆ, ಒಂದು ಗೀರು ಬಿದ್ದರೆ ಮುಗಿಯಿತಂತೆ. ಅವರು ತಮ್ಮದನ್ನು ಹತ್ತಿಯ ಕೈಗವಸು ಹಾಕದೆ ಮುಟ್ಟುವುದಿಲ್ಲ. ಅವರ ಹೆಂಡತಿ ನೆನಪಾಗಿ ಪಾಪ ಅನ್ನಿಸಿತು.

ಜನವರಿ ೨೮, ಮಂಗಳವಾರ

ವಿಶೇಷವೇನಿಲ್ಲ. ಇವರು ಎಡಗೈಯಲ್ಲಿ ಬರೆಯುವುದನ್ನು ಕಲಿತುಬಿಟ್ಟಿದ್ದಾರೆ. ಅಕ್ಷರ ಶಾಲೆಯ ಮಕ್ಕಳ ಕಾಪಿ ಪುಸ್ತಕದಲ್ಲಿದ್ದಂತೆ ದುಂಡಗೆ ಬರುತ್ತಿದೆ. ತಾನು ಬರೆದ ಸಾಮಾನಿನ ಚೀಟಿಯಲ್ಲಿ ತಾನೇ ಎರಡು ತಪ್ಪು ತಿದ್ದಿಕೊಂಡರು.

ಫೆಬ್ರವರಿ ೨೪, ಸೋಮವಾರ

ಪ್ಲಾಸ್ಟರು ಬಿಚ್ಚಿದರು. ಒಳಗಿದ್ದ ಕೈ ಇವರದ್ದೇ ಎಂದು ನಂಬಲು ಒಂದು ಗಳಿಗೆ ಹಿಡಿಯಿತು, ಅಷ್ಟು ಸೊರಗಿತ್ತು. ಡಾಕ್ಟರು ಮುಷ್ಟಿ ಮಾಡಿ ಎಂದರು. ಹೆಬ್ಬೆರಳು, ತೋರುಬೆರಳು, ನಡುಬೆರಳು ಹೇಗೋ ಬಗ್ಗಿದವು. ಉಂಗುರದ ಬೆರಳು, ಕಿರುಬೆರಳು ಎರಡೂ ಸಭೆಯಲ್ಲಿ ಪ್ರಶ್ನೆ ಕೇಳಲು ಎದ್ದವರ ಹಾಗೆ ನೆಟ್ಟಗೆ ನಿಂತೇ ಇದ್ದವು. ಇವರು ಹಲ್ಲು ಕಚ್ಚಿ ಒತ್ತಿದರು. ಹಣೆಯಲ್ಲಿ ಬೆವರು ಬಂತೇ ಹೊರತು ಬೆರಳು ಬರಲಿಲ್ಲ.

ಇನ್ನು ಫಿಸಿಯೋ ಮೇಡಂ ಹತ್ತಿರ ಹೋಗಬೇಕು. ಮೂರು ತಿಂಗಳಲ್ಲಿ ಬಗ್ಗಿದರೆ ಬಗ್ಗಿತು, ಆಮೇಲೆ ಹೆಚ್ಚಿನ ಆಸೆ ಇಟ್ಟುಕೊಳ್ಳಬೇಡಿ ಎಂದು ಡಾಕ್ಟರು ಚೀಟಿ ಬರೆಯುತ್ತಲೇ ಹೇಳಿದರು. ಎಂದರೆ ಮೇ ೨೪. ನಾನು ಡೈರಿಯ ಆ ಪುಟದ ಮೂಲೆ ಮಡಚಿಟ್ಟೆ. ದಾರಿಯುದ್ದಕ್ಕೂ ಇವರು ಬಲಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಬಂದರು.

ಮಾರ್ಚ್ ೪, ಮಂಗಳವಾರ

ಫಿಸಿಯೋ ಮೇಡಂ ವಯಸ್ಸಿನಲ್ಲಿ ಸಣ್ಣವರು, ಮಾತಿನಲ್ಲಿ ಹೆಡ್‌ಮಾಸ್ಟರು. ಮೊದಲು ಕೈಯನ್ನು ಕರಗಿದ ಮೇಣದಲ್ಲಿ ಇಪ್ಪತ್ತು ನಿಮಿಷ ಅದ್ದಿಸುತ್ತಾರೆ, ಆಮೇಲೆ ಬೆರಳುಗಳ ಕಿವಿ ಹಿಂಡುತ್ತಾರೆ. ಕಟ್ಟುಹಲ್ಲಿಗೆ ನಾನು ದಿನಾ ಬಳಸುವುದೂ ಮೇಣವೇ, ಅದನ್ನು ನೋಡಿ ನನಗೆ ತವರಿನವರನ್ನು ಕಂಡಷ್ಟು ಖುಷಿಯಾಯಿತು. ಮನೆಯಲ್ಲಿ ದಿನಕ್ಕೆ ಆರು ಸಲ ರಬ್ಬರ್ ಚೆಂಡು ಹಿಸುಕಬೇಕು. ಇವರು ಆರು ಸಲವೂ ಚೆಂಡನ್ನು ಕೈಯಲ್ಲಿಟ್ಟುಕೊಂಡು ಗೋಡೆ ನೋಡುತ್ತಾರೆ. ಹಿಸುಕಿದಿರಾ ಎಂದರೆ ಹೂಂ ಎನ್ನುತ್ತಾರೆ. ಚೆಂಡಿಗೆ ಬಾಯಿದ್ದರೆ ಸತ್ಯ ಹೇಳುತ್ತಿತ್ತು.

ಮಾರ್ಚ್ ೮, ಶನಿವಾರ

ಇವತ್ತು ನಡೆದದ್ದಕ್ಕೆ ನನ್ನ ಮೇಲೆ ನನಗೇ ಆಶ್ಚರ್ಯ.

ಔಷಧಿ ಅಂಗಡಿಯವರನ್ನು ಇವರೇ ಕರೆಸಿದರು. ಕತ್ತಿಯ ಪೆಟ್ಟಿಗೆಯನ್ನು ಮೇಜಿನ ಮೇಲೆ ಇಟ್ಟು, “ಇದನ್ನ ನೀನೇ ತಗೊಂಡು ಹೋಗಿಬಿಡು. ಹಿಡಿಯೋ ಕೈ ಇಲ್ಲದವನ ಮನೇಲಿ ಇದ್ಯಾಕೆ?” ಎಂದರು. ಔಷಧಿ ಅಂಗಡಿಯವರು ಕೈಗವಸು ಹಾಕಿಕೊಂಡರು, ತೆಗೆದರು, ಮತ್ತೆ ಹಾಕಿಕೊಂಡರು. ಕಣ್ಣು ಒದ್ದೆಯಾಗಿತ್ತು.

ಈ ಟ್ಯೂಬ್‌ಲೈಟು ಮನೆಯಿಂದ ಯಾವಾಗ ತೊಲಗುತ್ತದೋ ಎಂದು ನಾಲ್ಕು ವರ್ಷದಿಂದ ಕಾಯುತ್ತಿದ್ದವಳು ನಾನು. ತೊಲಗುವ ಗಳಿಗೆ ಬಂದಾಗ ಅಡುಗೆಮನೆಯಿಂದ ಓಡಿಬಂದು ಪೆಟ್ಟಿಗೆಯನ್ನು ಕಿತ್ತುಕೊಂಡೆ. ನನ್ನನ್ನು ಕೇಳದೆ ಈ ಮನೆಯ ಒಂದು ಚಮಚವೂ ಹೊರಗೆ ಹೋಗುವಂತಿಲ್ಲ ಎಂದು ಕೂಗಾಡಿದೆ. ಔಷಧಿ ಅಂಗಡಿಯವರು “ಸರಿ ಅತ್ತಿಗೆ” ಎಂದು ಎದ್ದೇಬಿಟ್ಟರು.

ಕತ್ತಿಯ ಮೇಲೆ ನನಗೆ ಮೋಹವೇನಿಲ್ಲ. ಆದರೆ ‘ಕೈ ಇಲ್ಲದವನು’ ಎಂದು ಇವರು ಯಾರದೋ ಕರಡಿನಲ್ಲಿ ಒಂದು ಪದ ಹೊಡೆದು ಹಾಕುವಷ್ಟು ಸಲೀಸಾಗಿ ಹೇಳಿದರಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯಿತು. ಭಯವೂ ಆಯಿತು.

ಮಾರ್ಚ್ ೯, ಭಾನುವಾರ

ರಾತ್ರಿಯೆಲ್ಲ ಯೋಚಿಸಿ ಬೆಳಗ್ಗೆ ಒಂದು ಸಂಗತಿ ಹೊಳೆಯಿತು. ಕೈ ಕತ್ತಿಯನ್ನು ಹಿಡಿಯದಿದ್ದರೆ ಕತ್ತಿಯೇ ಕೈಯನ್ನು ಹಿಡಿಯಲಿ. ಹಲ್ಲೇ ಇಲ್ಲದ ಬಾಯಲ್ಲಿ ಸೆಟ್ಟು ನಿಲ್ಲಿಸುವವಳಿಗೆ ಇದೇನು ಮಹಾ?

ಹಿಡಿಯಷ್ಟೇ ದಪ್ಪದ ಕೊಳಾಯಿ ತುಂಡಿಗೆ ಮೇಣದ ಹಾಳೆಯನ್ನು ಬಿಸಿ ಮಾಡಿ ದಪ್ಪಗೆ ಸುತ್ತಿದೆ. ಇವರನ್ನು ಎಬ್ಬಿಸಿ ಕೂರಿಸಿ, ಹಿಡಿಯಿರಿ ಎಂದೆ. ಇದೇನು ಹೊಸ ವ್ಯಾಯಾಮ ಎಂದರು. ಮಾತಾಡದೆ ಹಿಡಿಯಿರಿ ಎಂದೆ. ಮೂರು ಬೆರಳು ಮೇಣಕ್ಕೆ ಇಳಿದವು. ಬಾಗದ ಎರಡು ಬೆರಳ ಕೆಳಗೆ ನಾನು ಇನ್ನಷ್ಟು ಮೇಣ ತುಂಬಿ, ಅವು ಎಲ್ಲಿ ನಿಂತಿವೆಯೋ ಅಲ್ಲಿಗೇ ಒತ್ತಿದೆ. ಅಂಗೈಯ ಗೆರೆ ಕೂಡ ಮೂಡಿತು. ಮೂವತ್ತು ವರ್ಷದಲ್ಲಿ ಇಷ್ಟು ಚೆಂದದ ಅಚ್ಚು ತೆಗೆದಿರಲಿಲ್ಲ.

ಮಾರ್ಚ್ ೧೪, ಶುಕ್ರವಾರ

ಆಯಿತು! ಮೇಣದ ಸುತ್ತ ಪ್ಲಾಸ್ಟರಿನ ಅಚ್ಚು ಕಟ್ಟಿ, ಮೇಣ ಕರಗಿಸಿ ತೆಗೆದು, ಆ ಜಾಗಕ್ಕೆ ಕಟ್ಟುಹಲ್ಲಿನ ವಸಡು ಮಾಡುವ ಅಕ್ರಿಲಿಕ್ ತುಂಬಿ, ಬೇಯಿಸಿ, ಉಜ್ಜಿ, ಕನ್ನಡಿಯಂತೆ ಹೊಳಪು ಕೊಟ್ಟೆ. ಎರಡು ಹೋಳಿನ ಕವಚ. ಸ್ಕ್ರೂ ಬಿಗಿದರೆ ಹಿಡಿಯ ಮೇಲೆ ಕೂರುತ್ತದೆ, ಬಿಚ್ಚಿದರೆ ಸಂಖ್ಯೆ ಹಾಕಿದ ಪ್ರತಿಗೆ ಒಂದು ಗೀರೂ ಇಲ್ಲ.

ಬಣ್ಣ ಮಾತ್ರ ಗುಲಾಬಿ. ನಮ್ಮ ಲ್ಯಾಬಿನಲ್ಲಿ ಬೇರೆ ಯಾವ ಬಣ್ಣ ಇರುತ್ತದೆ? ತಿಳಿ ಗುಲಾಬಿ, ಗಾಢ ಗುಲಾಬಿ, ಎಳೆ ಎಳೆ ಕೆಂಪು ನರಗಳಿರುವ ಗುಲಾಬಿ. ಮೂರನೆಯದು ಅತ್ಯುತ್ತಮ ದರ್ಜೆ, ಅದನ್ನೇ ಹಾಕಿದೆ.

ಔಷಧಿ ಅಂಗಡಿಯವರು ಬಹಳ ಹೊತ್ತು ನೋಡಿದರು. “ಅತ್ತಿಗೆ, ಚೆನ್ನಾಗಿದೆ. ಆದ್ರೆ ನನ್ನ ನೋಡಿ ನಗ್ತಾ ಇರೋ ಹಾಗಿದೆ” ಎಂದರು. ನಾನು ಸೊಪ್ಪು ಹಾಕಲಿಲ್ಲ. ಇವರು ಹಿಡಿದರು. ಕೈ ಹೋಗಿ ಕೂತ ರೀತಿ ನೋಡಬೇಕಿತ್ತು, ಅಲ್ಲೇ ಹುಟ್ಟಿ ಬೆಳೆದಂತಿತ್ತು. ಗುಂಡಿ ಒತ್ತಿ ಒಂದು ಸಲ ಬೀಸಿದರು. ಬೀಳಲಿಲ್ಲ. ಎರಡು ತಿಂಗಳಿಂದ ಕಾಣದಿದ್ದ ನಗು ಕಂಡಿತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಮಾರ್ಚ್ ೨೦, ಗುರುವಾರ

ತಾಲೀಮು ಮತ್ತೆ ಶುರು. ಔಷಧಿ ಅಂಗಡಿಯವರು ಎದುರಾಳಿಯಾಗಿ ಪ್ರಯೋಜನವಿಲ್ಲ. ಇವರ ಕೈಗೆ ಏಟಾದೀತೆಂದು ಒಂದು ಭಯ, ತಮ್ಮ ಕತ್ತಿಗೆ ಗೀರು ಬಿದ್ದೀತೆಂದು ಇನ್ನೊಂದು ಭಯ. ಹೂವಿನ ಮೇಲಿನ ಧೂಳು ಒರೆಸುವ ಹಾಗೆ ಬೀಸುತ್ತಾರೆ. ನೋಡಿ ನೋಡಿ ನನಗೆ ಸಾಕಾಯಿತು. ಇವರದೇ ಇನ್ನೊಂದು ಹಳೆಯ ಸಾದಾ ಬೆಳಕಿನ ಕತ್ತಿಯನ್ನು ಎತ್ತಿಕೊಂಡು, ಹೀಗಲ್ಲವಾ ಎಂದು ಒಂದು ಬೀಸು ಬೀಸಿದೆ. ಇವರ ಕತ್ತಿಗೆ ಸರಿಯಾಗಿ ತಗುಲಿ ‘ಚಟಾರ್’ ಎಂದಿತು. ಇಬ್ಬರೂ ನನ್ನನ್ನೇ ನೋಡಿದರು.

ಹಾಗಾಗಿ ದಿನಾ ಸಂಜೆ ಅರ್ಧ ಗಂಟೆ ನಾನೇ ನಿಲ್ಲುತ್ತಿದ್ದೇನೆ. ಇವರ ವ್ಯಾಯಾಮಕ್ಕಾಗಿ ಅಷ್ಟೇ. ಮುಷ್ಟಿ ಬಿಗಿ ಹಿಡಿಯಬಾರದಂತೆ, ಮಣಿಕಟ್ಟು ಸಡಿಲ ಇರಬೇಕಂತೆ, ನೋಟ ಎದುರಾಳಿಯ ಭುಜದ ಮೇಲಿರಬೇಕಂತೆ. ಪರದೆ ಎಳೆದು ದೀಪ ಆರಿಸಿದರೆ ಹಾಲ್ ಇಡೀ ನೀಲಿ. ಯಾರಾದರೂ ನೋಡಿದರೆ ಏನಂದುಕೊಂಡಾರು?

ಮಾರ್ಚ್ ೨೫, ಮಂಗಳವಾರ

ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ.

ಫಿಸಿಯೋ ಮೇಡಂ ಬೆರಳ ಗೆಣ್ಣುಗಳಿಗೆ ಕೋನಮಾಪಕ ಇಟ್ಟು ಅಳೆದರು. ಮೂರು ವಾರದ ಹಿಂದೆ ಎಷ್ಟಿತ್ತೋ ಅಷ್ಟೇ. ಕಿರುಬೆರಳು ಇನ್ನೂ ಬಿಗಿದಿತ್ತು. ಇವರನ್ನು ಒಳಗಿನ ಕೋಣೆಗೆ ಮೇಣದಲ್ಲಿ ಕೈ ಅದ್ದಲು ಕಳಿಸಿ, ಮನೆಯಲ್ಲಿ ಏನು ಮಾಡಿಸುತ್ತಿದ್ದೀರಿ ಎಂದು ನನ್ನನ್ನು ಕೇಳಿದರು. ನಾನು ಬಹುಮಾನ ಇಸಿದುಕೊಳ್ಳಲು ಹೋಗುವವಳಂತೆ ಎದ್ದು, ಚೀಲದಿಂದ ಕತ್ತಿ ತೆಗೆದು ಹಿಡಿ ತೋರಿಸಿದೆ.

ಅವರು ತಿರುಗಿಸಿ ತಿರುಗಿಸಿ ನೋಡಿದರು. “ತುಂಬ ಚೆನ್ನಾಗಿ ಮಾಡಿದ್ದೀರಿ ಅಮ್ಮ. ತೊಂದರೆ ಆಗಿರೋದೇ ಅದರಿಂದ” ಎಂದರು. “ಬೆರಳು ಇನ್ನೂ ಬಗ್ಗಬೇಕು. ನೀವು ಅದು ನಿಂತಿರೋ ಜಾಗದಲ್ಲೇ ಹಾಸಿಗೆ ಹಾಸಿ ಕೊಟ್ಟಿದ್ದೀರಿ. ಅದು ಯಾಕೆ ಏಳುತ್ತೆ?”

ವಸಡು ಮತ್ತೆ ಬೆಳೆಯುವುದಿಲ್ಲ. ಉಳಿದಿರುವುದನ್ನು ಕೂದಲೆಳೆಯಷ್ಟೂ ತಪ್ಪದಂತೆ ಅಳೆದು, ಅದಕ್ಕೆ ಸರಿಯಾಗಿ ಕೂರುವ ಹಾಗೆ ಮಾಡುವುದೇ ನನ್ನ ವಿದ್ಯೆ. ಮೂವತ್ತು ವರ್ಷ ಅದನ್ನೇ ಮಾಡಿ, ಇವರ ಕೈಯನ್ನೂ ಹಲ್ಲು ಹೋದ ದವಡೆ ಎಂದುಕೊಂಡುಬಿಟ್ಟೆ. ಇದು ಗುಣವಾಗಬಹುದಾದ ಕೈ ಎಂಬುದು ನನ್ನ ತಲೆಗೇ ಹೋಗಲಿಲ್ಲ.

ಆ ಕವಚ ತೆಗೆದುಬಿಡಿ ಎಂದರು ಮೇಡಂ. ಇವರಿಗೆ ಏನೂ ಹೇಳಬೇಡಿ, ನಾನು ನೋಡಿಕೊಳ್ಳುತ್ತೇನೆ ಎಂದೆ. ತೆಗೆದರೆ ಇವರು ಮತ್ತೆ ಗೋಡೆ ನೋಡಿಕೊಂಡು ಕೂರುತ್ತಾರೆ. ತೆಗೆಯದಿದ್ದರೆ ಬೆರಳು ಹೀಗೇ ಉಳಿಯುತ್ತದೆ. ಅಳು ಬಂತು. ಬಸ್ಸಿನಲ್ಲಿ ಇವರು ಪಕ್ಕದಲ್ಲಿ ಕೂತು, ಕಿಟಕಿಯಾಚೆಯ ಅಂಗಡಿ ಬೋರ್ಡುಗಳಲ್ಲಿನ ತಪ್ಪು ತೋರಿಸುತ್ತ ಬಂದರು. ನಾನು ಒಂದನ್ನೂ ನೋಡಲಿಲ್ಲ.

ಮಾರ್ಚ್ ೩೦, ಭಾನುವಾರ

ಭಾನುವಾರ ಇವರ ಸ್ನಾನ ಮುಕ್ಕಾಲು ಗಂಟೆ. ಅಷ್ಟರಲ್ಲಿ ಕವಚ ಬಿಚ್ಚಿ, ಮನೆಯಲ್ಲಿರುವ ಸಣ್ಣ ಉಜ್ಜುವ ಯಂತ್ರದಲ್ಲಿ ಆ ಎರಡು ಬೆರಳ ಕೆಳಗೆ ಅರ್ಧ ಮಿಲಿಮೀಟರ್ ತೆಗೆದೆ. ಮತ್ತೆ ಹೊಳಪು ಕೊಟ್ಟು ಬಿಗಿದಿಟ್ಟೆ. ಇನ್ನು ಪ್ರತಿ ಭಾನುವಾರ ಅರ್ಧ ಅರ್ಧ. ಹಿಡಿ ಒಂದಿಷ್ಟು ಹಿಂದೆ ಸರಿದರೆ, ಅದನ್ನು ಮುಟ್ಟಲು ಬೆರಳೂ ಒಂದಿಷ್ಟು ಬಗ್ಗಲೇಬೇಕು.

ಕೆಟ್ಟ ಕೆಲಸವನ್ನು ಉಜ್ಜಿ ತೆಗೆಯುವುದು ಸುಲಭ. ಜೀವಮಾನದಲ್ಲಿ ಮಾಡಿದ ಅತಿ ಒಳ್ಳೆಯ ಕೆಲಸಕ್ಕೆ ಯಂತ್ರ ಇಡುವಾಗ ನನ್ನ ವಸಡಿಗೇ ಇಟ್ಟಂತಾಯಿತು.

ಏಪ್ರಿಲ್ ೬, ಭಾನುವಾರ

ಮತ್ತೆ ಅರ್ಧ. ಇವರು ಬಚ್ಚಲಲ್ಲಿ ಹಾಡುತ್ತಿದ್ದರು, ಯಂತ್ರದ ಸದ್ದು ಕೇಳಿಸಲಿಲ್ಲ. ನನ್ನ ಕತ್ತಿಯ ನೀಲಿ ಬಣ್ಣ ಕಣ್ಣಿಗೆ ಚುಚ್ಚುತ್ತದೆ. ಔಷಧಿ ಅಂಗಡಿಯವರಿಗೆ ಹೇಳಿ ಒಳಗಿನ ದೀಪವನ್ನು ಹಸಿರು ಮಾಡಿಸಿದೆ. ಕಣ್ಣಿಗಾಗಿ ಅಷ್ಟೇ.

ಏಪ್ರಿಲ್ ೧೨, ಶನಿವಾರ

ಊಟದ ಹೊತ್ತಿನಲ್ಲಿ ಇವರು ಸಣ್ಣ ದನಿಯಲ್ಲಿ, ಹಿಡಿ ಸಡಿಲ ಆಗುತ್ತಿದೆ ಎಂದರು. ಬಿಸಿಲಿಗೆ ಎಲ್ಲವೂ ಸಡಿಲ ಆಗುತ್ತದೆ ಎಂದೆ. ಎಂಥ ಸುಳ್ಳು! ಇವರು ಕೈಯನ್ನು ಬೆಳಕಿಗೆ ಹಿಡಿದು ಒಂದಷ್ಟು ಹೊತ್ತು ನೋಡಿದರು, ಅರ್ಧ ತಟ್ಟೆ ಬಿಟ್ಟು ಎದ್ದರು. ಹೇಳಿಬಿಡಲೇ ಎಂದು ನಾಲಗೆಯ ತುದಿಗೆ ಬಂದಿತ್ತು, ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋದೆ.

ಏಪ್ರಿಲ್ ೨೦, ಭಾನುವಾರ

ಸಿಕ್ಕಿಬಿದ್ದೆ. ನಲ್ಲಿಯಲ್ಲಿ ನೀರು ನಿಂತು, ಇವರು ಹತ್ತೇ ನಿಮಿಷಕ್ಕೆ ಸೋಪಿನ ತಲೆಯಲ್ಲೇ ಹೊರಗೆ ಬಂದರು. ಅಡುಗೆಮನೆಯ ಮೇಜಿನಲ್ಲಿ ನಾನು, ನನ್ನ ಯಂತ್ರ, ಹೋಳಾದ ಕವಚ. ನನ್ನ ಹುಬ್ಬು, ಮೂಗಿನ ತುದಿ, ಕನ್ನಡಕ ಎಲ್ಲದರ ಮೇಲೂ ಗುಲಾಬಿ ಪುಡಿ.

ಎಲ್ಲವನ್ನೂ ಹೇಳಿದೆ. ಹಾಸಿಗೆಯ ಮಾತು, ಅರ್ಧ ಮಿಲಿಮೀಟರಿನ ಲೆಕ್ಕ, ಮೂರು ಭಾನುವಾರ, ಇದು ನಾಲ್ಕನೆಯದು. ಇವರ ಕಿವಿಯ ಹಿಂದಿನಿಂದ ಸೋಪಿನ ನೊರೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

“ನನ್ನ ಕೈ ಒಣಗಿ ಹೋಗ್ತಿದೆ ಅಂದ್ಕೊಂಡಿದ್ದೆ ಕಣೇ” ಎಂದರು. “ಮೂರು ವಾರದಿಂದ ದಿನಾ ಬೆಳಗ್ಗೆ ಎದ್ದು, ಇವತ್ತು ಎಷ್ಟು ಒಣಗಿದೆ ಅಂತ ನೋಡ್ಕೋತಿದ್ದೆ. ನೀನು ಒಂದು ಮಾತು ಹೇಳಬಾರದಿತ್ತಾ?”

ತಪ್ಪಾಯಿತು ಎಂದೆ. ಇವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಮೊದಲ ಸಲ ಕೈಯನ್ನು ಕೇಳದೆ ಹಿಡಿ ಮಾಡಿದೆ, ಈ ಸಲ ಮನುಷ್ಯನನ್ನೇ ಕೇಳದೆ ಅದನ್ನು ಉಜ್ಜಿದೆ. ಅಚ್ಚು ತೆಗೆಸಿಕೊಳ್ಳಲು ಬಾಯಿ ತೆರೆದು ಕೂತವರು ಮಾತಾಡುವಂತಿಲ್ಲ ನೋಡಿ, ನನಗೆ ಅದೇ ಅಭ್ಯಾಸವಾಗಿಬಿಟ್ಟಿದೆ.

ಏಪ್ರಿಲ್ ೨೧, ಸೋಮವಾರ

ಬೆಳಗ್ಗೆ ಎದ್ದು ನೋಡಿದರೆ ಕವಚ ಅಡುಗೆಮನೆಯ ಮೇಜಿನ ಮೇಲಿತ್ತು. ಅದರ ಮೈಮೇಲೆಲ್ಲ ಕೆಂಪು ಪೆನ್ಸಿಲ್! ಉಂಗುರದ ಬೆರಳ ಕೆಳಗೆ ಸುತ್ತು ಹಾಕಿ ‘ಇಲ್ಲಿ ತೆಗೆ’. ನಡುಬೆರಳ ಹತ್ತಿರ ‘ಇದು ಇರಲಿ’. ಅಂಗೈಯ ಉಬ್ಬಿಗೆ ಅಡ್ಡಗೆರೆ, ‘ಅನಗತ್ಯ’. ಕಿರುಬೆರಳ ಜಾಗದಲ್ಲಿ ಒಂದು ಪ್ರಶ್ನೆಚಿಹ್ನೆ, ಪಕ್ಕದಲ್ಲಿ ‘ನೋಡೋಣ’. ಕರಡು ತಿದ್ದಿ ಕೊಟ್ಟಿದ್ದಾರೆ ಮಹಾನುಭಾವರು.

ಅಕ್ಷರ ಮಾತ್ರ ಸೊಟ್ಟ ಸೊಟ್ಟ, ಗೆರೆಯೆಲ್ಲ ನಡುಗಿದೆ. ಎಡಗೈಯಲ್ಲಿ ಅಷ್ಟು ದುಂಡಗೆ ಬರೆಯುತ್ತಿದ್ದವರು ಇದನ್ನು ಯಾಕೆ ಹೀಗೆ ಗೀಚಿದರೋ. ಇನ್ನೂ ಸಿಟ್ಟಿರಬೇಕು. ನಾನು ಕೇಳಲು ಹೋಗಲಿಲ್ಲ, ಹೇಳಿದಷ್ಟನ್ನು ಹೇಳಿದ ಜಾಗದಲ್ಲಿ ತೆಗೆದೆ.

ಮೇ ೨, ಶುಕ್ರವಾರ

ಈಗ ಭಾನುವಾರಕ್ಕೆ ಕಾಯುವುದಿಲ್ಲ. ಎರಡು ದಿನಕ್ಕೊಮ್ಮೆ ಇವರು ಬಲಗೈಯಲ್ಲೇ ಪೆನ್ಸಿಲ್ ಹಿಡಿದು ಗುರುತು ಹಾಕುತ್ತಾರೆ, ನಾನು ಉಜ್ಜುತ್ತೇನೆ. ಒಂದೊಂದು ಸಲ ಹೆಚ್ಚಾಯಿತು, ಒಂದೊಂದು ಸಲ ಸಾಲದು ಎಂದು ಜಗಳ. ಫಿಸಿಯೋ ಮೇಡಂ ಅಳೆದರು. ಉಂಗುರದ ಬೆರಳು ಅಂಗೈ ಮುಟ್ಟುತ್ತಿದೆ. ಕಿರುಬೆರಳು ಅರ್ಧ ದಾರಿ ಬಂದು ಕೂತಿದೆ. ಮೇಡಂ ಮೊದಲ ಸಲ ನಕ್ಕರು, ಆದರೆ ಕಿರುಬೆರಳ ಬಗ್ಗೆ ಕೇಳಿದರೆ ಫೈಲು ಮುಚ್ಚಿಟ್ಟರು. ಮಡಚಿಟ್ಟ ಪುಟಕ್ಕೆ ಇನ್ನು ಮೂರು ವಾರ.

ಔಷಧಿ ಅಂಗಡಿಯವರು ಕೂಟದಲ್ಲಿ ತಾವು ಆಡುವುದಿಲ್ಲವಂತೆ. ಯಾಕೆ ಎಂದರೆ, “ನಿಮ್ಮ ಜೋಡಿ ಆಟ ನೋಡಿದ ಮೇಲೆ ಇವನ ಎದುರು ನಿಲ್ಲೋಕೆ ನನಗೆ ನಾಚಿಕೆ ಆಗುತ್ತೆ ಅತ್ತಿಗೆ, ನೀವೇ ಆಡಿ” ಎಂದರು. ಆಗಲ್ಲ ಎಂದೆ. ಬೇರೆ ಯಾರೂ ಇಲ್ಲವಲ್ಲ ಎಂದು ಕೊನೆಗೆ ಒಪ್ಪಿಕೊಂಡೆ. ಬರೀ ಒಂದು ದಿನದ ಮಟ್ಟಿಗೆ.

ಮೇ ೧೦, ಶನಿವಾರ

ಇವರು ಎರಡನೆಯ ಸುತ್ತಿನಲ್ಲಿ ಇನ್ನೂ ಬಲಗಾಲು ಮೊದಲು ಇಡುತ್ತಾರೆ. ಎಷ್ಟು ಸಲ ಹೇಳುವುದು? ಮೇಲಿನಿಂದ ಬರುವ ಏಟನ್ನು ತಡೆಯುವಾಗ ಮೊಣಕೈ ಹೊರಗೆ ಹೋಗುತ್ತದೆ. ನನ್ನ ಕತ್ತಿಯ ಸದ್ದು ತೀರ ಗಡಸಾಗಿತ್ತು. ಒಳಗಿನ ಎಲೆಕ್ಟ್ರಾನಿಕ್ ಬೋರ್ಡಿಗೆ ಬೇರೆ ಸದ್ದು ಹಾಕಿಸಿದೆ, ಈಗ ಬೀಸಿದರೆ ನಮ್ಮ ಲ್ಯಾಬಿನ ಉಜ್ಜುವ ಯಂತ್ರ ದೂರದಲ್ಲಿ ತಿರುಗಿದಂತೆ ಕೇಳುತ್ತದೆ. ಹಿಡಿಗೆ ಚರ್ಮದ ಪಟ್ಟಿ ಸುತ್ತಿದ್ದೇನೆ, ಬೆವರಿಗೆ ಜಾರುತ್ತಿತ್ತು. ಲ್ಯಾಬಿನಲ್ಲಿ ಇವತ್ತು ಒಬ್ಬರ ಕೋರೆಹಲ್ಲು ತಿದ್ದುತ್ತ ತಿದ್ದುತ್ತ ನಾಲ್ಕನೆಯ ವರಸೆ ಮನಸ್ಸಿನಲ್ಲೇ ಆಡಿದೆ. ಈ ಹುಚ್ಚಿಗೆ ಇವರಿಗೆ ಅದೆಲ್ಲಿಂದ ಪುರುಸೊತ್ತು ಸಿಗುತ್ತಿತ್ತೋ ಅನ್ನಿಸಿತು.

ಕವಚ ಈಗ ಕಾಗದದಷ್ಟು ತೆಳ್ಳಗಾಗಿದೆ. ಕಿರುಬೆರಳ ಕೆಳಗಂತೂ ಉಜ್ಜಲು ಏನೂ ಉಳಿದಿಲ್ಲ, ಲೋಹವೇ ಕಾಣುತ್ತದೆ. ಆ ಬೆರಳು ಮಾತ್ರ ಲೋಹದಿಂದ ಒಂದು ಬೆರಳಗಲ ದೂರ ನಿಂತಿದೆ. ನಾನು ಮಾಡುವುದು ಮುಗಿಯಿತು. ಇನ್ನು ನನ್ನ ಕೈಯಲ್ಲಿ ಏನೂ ಇಲ್ಲ.

ಮೇ ೧೮, ಭಾನುವಾರ

ಇವತ್ತಿನದನ್ನು ಇವತ್ತೇ ಬರೆಯಬೇಕು. ಕೂಟ ಮುಗಿಸಿ ಬರುವುದು ತಡವಾಗುತ್ತದೆಂದು ಡೈರಿಯನ್ನು ನಿನ್ನೆಯೇ ಲ್ಯಾಬಿನಿಂದ ತಂದಿಟ್ಟಿದ್ದೆ.

ದೊಡ್ಡ ಸಭಾಂಗಣ. ಗೋಡೆಯುದ್ದಕ್ಕೂ ಮೇಜು, ಮೇಜಿನ ಮೇಲೆ ಕಪ್ಪು ಬಟ್ಟೆ, ಬಟ್ಟೆಯ ಮೇಲೆ ಕತ್ತಿಗಳು. ಜನವೆಲ್ಲ ಕೈಗವಸು ಹಾಕಿಕೊಂಡು ಆಪರೇಷನ್ನಿಗೆ ಬಂದವರಂತೆ ಓಡಾಡುತ್ತಿದ್ದರು. ಇವರ ಹಿಡಿ ಕಂಡು ಗುಂಪೇ ಸೇರಿತು. ಗಡ್ಡದ ತೀರ್ಪುಗಾರರೊಬ್ಬರು ಕವಚವನ್ನು ಬೆರಳಿಂದ ಸವರಿ, ಎಂಥ ಅಪರೂಪದ ಕೆಲಸ, ಇದು ಯಾವ ವಸ್ತು ಎಂದು ಕೇಳಿದರು. ದವಡೆಗೆ ಹಾಕುವುದು ಎಂದೆ. ಬೆರಳು ತಟ್ಟನೆ ಹಿಂದೆ ಹೋಯಿತು. ಔಷಧಿ ಅಂಗಡಿಯವರು ಕಂಬದ ಹಿಂದೆ ನಿಂತು ನಗುತ್ತಿದ್ದರು. ನಮಗಿಂತ ಮೊದಲು ಆಡಿದ ಜೋಡಿಯ ಕಾಲುಗಾರಿಕೆ ಏನೇನೂ ಸಾಲದು, ಮಣಿಕಟ್ಟಂತೂ ಕಬ್ಬಿಣ.

ನಮ್ಮ ಸರದಿ ಬಂತು. ದೀಪ ಆರಿಸಿದರು. ಇವರದು ನೀಲಿ, ನನ್ನದು ಹಸಿರು. ಮೊದಲ ಸುತ್ತು ಚೆನ್ನಾಗಿ ಹೋಯಿತು. ಎರಡನೆಯದರಲ್ಲಿ ಎಡಗಾಲನ್ನೇ ಮೊದಲು ಇಟ್ಟರು, ನನಗೆ ಅಲ್ಲೇ ಕುಣಿಯುವಷ್ಟು ಖುಷಿ. ಮೂರನೆಯದರಲ್ಲಿ ಇವರು ನನ್ನ ತಲೆಗೆ ಗುರಿಯಿಟ್ಟು ದೊಡ್ಡದಾಗಿ ಬೀಸಬೇಕು, ನಾನು ಬಗ್ಗಬೇಕು. ಇವರು ಕೈ ಎತ್ತಿದರು. ಎತ್ತಿದ ಕೈಯಿಂದ ಕತ್ತಿ ಜಾರಿತು. ನೆಲಕ್ಕೆ ಬಡಿದು, ಉರುಳಿಕೊಂಡು ನನ್ನ ಕಾಲ ಹತ್ತಿರ ಬಂದು ನಿಂತಿತು.

ನೆಲದ ಮೇಲೆ ಆ ನೀಲಿ ಕೊಳವೆ ‘ವೂಂ’ ಎನ್ನುತ್ತಿತ್ತು, ಅಷ್ಟೇ.

ನಾನು ಬಗ್ಗಿದ್ದರೆ ಅದು ನನ್ನ ಕೈಗೆ ಸಿಗುತ್ತಿತ್ತು. ಎತ್ತಿ, ಹಿಡಿಯನ್ನು ಇವರ ಅಂಗೈಗೆ ಇಟ್ಟು, ಬೆರಳನ್ನು ಒಂದೊಂದಾಗಿ ಮಡಚಿ ಕೊಡಬಹುದಿತ್ತು. ಬೆನ್ನು ಅರ್ಧ ಬಗ್ಗಿಯೂ ಇತ್ತು. ಇವರು ನನ್ನನ್ನು ನೋಡಿದರು. ನಾನು ನೆಟ್ಟಗಾದೆ. ನನ್ನ ಕತ್ತಿಯನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ, ಇಲ್ಲದಿದ್ದರೆ ಕೈ ತಾನಾಗಿ ಮುಂದೆ ಹೋಗುತ್ತಿತ್ತು. ಎತ್ತಿಕೊಡಲಿಲ್ಲ. ಅಷ್ಟು ಕಷ್ಟದ ಕೆಲಸ ನಾನು ಯಾವತ್ತೂ ಮಾಡಿದವಳಲ್ಲ.

ಇವರು ನಡೆದು ಬಂದರು. ನನ್ನ ಮುಂದೆ ಮಂಡಿಯೂರಿದರು. ಬಲಗೈ ಚಾಚಿದರು. ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳು ಹಿಡಿಯನ್ನು ಸುತ್ತಿಕೊಂಡವು. ಕಿರುಬೆರಳು ಎಂದಿನಂತೆ ಹೊರಗೇ ನಿಂತಿತ್ತು. ಇವರು ಅವಸರ ಮಾಡಲಿಲ್ಲ. ಜನ ಕಾದರು, ನಾನೂ ಕಾದೆ. ನೀಲಿ ಬೆಳಕಿನಲ್ಲಿ ಆ ಬೆರಳು ನಡುಗುವುದು ಕಾಣುತ್ತಿತ್ತು. ನಡುಗುತ್ತ ನಡುಗುತ್ತ ಬಗ್ಗಿತು, ಇನ್ನೂ ಬಗ್ಗಿತು, ಹೋಗಿ ಬರಿಯ ಲೋಹವನ್ನು ಮುಟ್ಟಿತು.

ಇವರು ಎದ್ದು ನಿಂತರು. ಏದುಸಿರು ಬರುತ್ತಿತ್ತು, ಮುಖವೆಲ್ಲ ನಗು. “ಎಲ್ಲಿತನಕ ಬಂದಿದ್ವಿ?” ಎಂದು ಮೆಲ್ಲಗೆ ಕೇಳಿದರು.

“ನನ್ನ ತಲೆ ಕಡಿಯೋ ತನಕ.”

“ಹಾಗಾದ್ರೆ ಬಗ್ಗು” ಎಂದು ಬೀಸಿದರು.

ಬಗ್ಗಿದೆ. ಕಣ್ಣೊರೆಸಿಕೊಳ್ಳಲು ಅನುಕೂಲವೇ ಆಯಿತು.